ಮುದಿ ಬಾವಿಯ ಉಸ್ತಾ

ಗುರುವಾರ ಬೆಳಗ್ಗೆ ಆಗಾಸಲೀಂ ಸಕ್ಕರೆ ತುಂಡನ್ನು ಚಹಾದಲ್ಲಿ ಅದ್ದಿ ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಬೀದಿಯ ಸದ್ದು ನಿಂತುಹೋಯಿತು.

ಸದ್ದು ಎಂದರೆ ನಾನೂರ ಹದಿನೇಳನೆಯ ನಂಬರಿನ ಎಣ್ಣೆಬಾವಿಯ ಸದ್ದು. ಎಣ್ಣೆಬಾವಿಗಳ ಊರಾದ ಬಾಲಾಖಾನಿಯ ಆ ಓಣಿಯಲ್ಲಿ ಮನೆಗಳ ನಡುವೆ ಬಾವಿಗಳಿದ್ದವೋ, ಬಾವಿಗಳ ನಡುವೆ ಮನೆಗಳಿದ್ದವೋ ಹೇಳುವುದು ಕಷ್ಟ. ಆಗಾಸಲೀಮನ ಅಡುಗೆಮನೆಯ ಕಿಟಕಿಯಿಂದ ಇಪ್ಪತ್ತೇ ಹೆಜ್ಜೆ ದೂರದಲ್ಲಿ ಕಬ್ಬಿಣದ ಪಂಪೊಂದು, ಮಗಳು ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಅಪ್ಪನಂತೆ ಹಗಲಿರುಳೂ ತಲೆಯಾಡಿಸುತ್ತ, ಕಿರ್ರೆಂದು ಅಳುತ್ತ, ನೆಲದಡಿಯ ಎಣ್ಣೆಯನ್ನು ಎತ್ತುತ್ತಿತ್ತು. ಆ ಅಳುವಿನ ಜೋಗುಳದಲ್ಲಿ ಮೂರು ತಲೆಮಾರು ನಿದ್ದೆ ಮಾಡಿತ್ತು. ಅದು ನಿಂತದ್ದೇ ತಡ, ಇಡೀ ಓಣಿಗೆ ಎಚ್ಚರವಾಗಿ ಜನ ಹೊರಗೆ ಬಂದರು.

ಆಗಾಸಲೀಂ ಹಳೆಬಾವಿ ದಳದ ಉಸ್ತಾ, ಅಂದರೆ ಮೇಸ್ತ್ರಿ. ಬತ್ತಿತೆಂದು ದೊಡ್ಡವರು ಕೈಬಿಟ್ಟ ಬಾವಿಗಳನ್ನು ಬಿಚ್ಚಿ, ತೊಳೆದು, ಮತ್ತೆ ನಾಲ್ಕು ವರ್ಷ ದುಡಿಯುವಂತೆ ಮಾಡುವುದೇ ಮೂವತ್ತೊಂದು ವರ್ಷಗಳಿಂದ ಅವನ ಕಸುಬು. ಬಾವಿಗಳು ಸಾಯುವುದಿಲ್ಲ, ಅವಕ್ಕೆ ಗಂಟಲು ಕಟ್ಟುತ್ತದೆ ಅಷ್ಟೇ ಎಂದು ಅವನು ಹೇಳುತ್ತಿದ್ದ. ಈ ವಿಷಯದಲ್ಲಿ ಅವನಿಗೆ ಎಷ್ಟು ಧೈರ್ಯವೆಂದರೆ, ತನ್ನ ಎದೆನೋವಿಗೆ ವೈದ್ಯರು ಏನೋ ಹೇಳಿದಾಗಲೂ ‘ಬಿಚ್ಚಿ ತೊಳೆದರೆ ಸರಿಹೋಗುತ್ತೆ’ ಎಂದು ಅವರಿಗೇ ಸಲಹೆ ಕೊಟ್ಟು ಬಂದಿದ್ದ.

ಆದರೆ ಅಂದು ಬಾವಿ ನಿಂತದ್ದು ಸಣ್ಣ ಸಂಗತಿಯಲ್ಲ. ದಳವೊಂದು ಉಳಿಯಬೇಕಾದರೆ ಅದರ ಪಟ್ಟಿಯಲ್ಲಿ ಕನಿಷ್ಠ ಹತ್ತು ಹಳೆಯ ಬಾವಿಗಳಿರಬೇಕೆಂದು ಕಂಪನಿಯ ಕಟ್ಟಳೆ. ಆಗಾಸಲೀಮನ ಪಟ್ಟಿಯಲ್ಲಿದ್ದವು ಸರಿಯಾಗಿ ಹತ್ತು. ಒಂದು ಕಡಿಮೆಯಾದರೂ ಅವನ ದಳವನ್ನು ಪಕ್ಕದ ದಳಕ್ಕೆ ಸೇರಿಸಿಬಿಡುತ್ತಿದ್ದರು. ಪಕ್ಕದ ದಳದ ಉಸ್ತಾ ಅಜ್ದರ್. ಆಗಾಸಲೀಮನ ಹೆಂಡತಿ ತೆಲ್ಲಿಯ ಖಾಸಾ ತಮ್ಮ.

ಎಂಟು ಗಂಟೆಗೆ ಎಂಜಿನಿಯರ್ ದಿಲ್ರುಬಾ ಖಾನಂ ಫೋನ್ ಮಾಡಿದಳು. ಬಾವಿ ನಿಂತ ಸುದ್ದಿ ಅಜ್ದರ್ ಉಸ್ತಾನಿಂದ ಆಗಲೇ ಗೊತ್ತಾಗಿದೆ, ಸಂಜೆ ಐದಕ್ಕೆ ಬರುತ್ತೇನೆ, ಅಷ್ಟರೊಳಗೆ ಎಣ್ಣೆ ಬಾರದಿದ್ದರೆ ಸಿಮೆಂಟ್ ಸುರಿದು ಮುಚ್ಚುವ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದಳು.

“ಐದಕ್ಕೆ ಯಾಕೆ ಮೇಡಂ, ನಾಲ್ಕಕ್ಕೇ ಬನ್ನಿ,” ಎಂದ ಆಗಾಸಲೀಂ. “ಬರುವಾಗ ಬಕೆಟ್ ತನ್ನಿ. ಸಿಮೆಂಟ್ ಬೇಡ.”

ಹತ್ತು ಗಂಟೆಯೊಳಗೆ ಅವನ ಬಲಗೈ ಬಂಟ ಫಿಕ್ರತ್ ರಾಟೆಯ ಟ್ರ್ಯಾಕ್ಟರು ತಂದು ನಿಲ್ಲಿಸಿ, ಬಾವಿಯೊಳಗಿನ ಕೊಳವೆಗಳನ್ನು ಒಂದೊಂದಾಗಿ ಎತ್ತತೊಡಗಿದ. ಕೊನೆಗೆ ಬಂದ ಪಂಪಿನ ಬಾಯಲ್ಲಿ ಬೆರಳು ತೂರದಷ್ಟು ಮರಳು ಗಿಡಿದು ತುಂಬಿತ್ತು. ಆಗಾಸಲೀಮನ ಮುಖ ಅರಳಿತು. ಮರಳೆಂದರೆ ಅವನ ಹಳೆಯ ಶತ್ರು, ಅದರ ಪಟ್ಟುಗಳೆಲ್ಲ ಅವನಿಗೆ ಗೊತ್ತು. ನೀರು ಒತ್ತಿ ಕಕ್ಕಿಸಿದರಾಯಿತು.

ಅಷ್ಟರಲ್ಲಿ ಓಣಿಯವರು ಸುತ್ತ ನೆರೆದಿದ್ದರು. ನಿವೃತ್ತ ಬಸ್ ಕಂಡಕ್ಟರ್ ಮಿರ್ಜಾಗಾ ಮನೆಯಿಂದ ಕುರ್ಚಿಯನ್ನೇ ತಂದು ಹಾಕಿಕೊಂಡು, ತನ್ನ ಕಾಲದಲ್ಲಿ ಬಾವಿ ರಿಪೇರಿ ಹೇಗೆ ಮಾಡುತ್ತಿದ್ದರು ಎಂದು ಹೇಳತೊಡಗಿದ. ಅವನ ಕಾಲದಲ್ಲಿ ಅವನು ಟಿಕೆಟ್ ಹರಿಯುತ್ತಿದ್ದ ಎಂಬುದನ್ನು ಯಾರೂ ನೆನಪಿಸಲಿಲ್ಲ. ಎದುರುಮನೆಯ ಖೇಯ್ರಾನ್ಸಾ ಅಜ್ಜಿ ಮಾತಿನವಳಲ್ಲ, ಕೃತಿಯವಳು. ಬಾವಿಗೆ ದೃಷ್ಟಿ ತಗುಲಿದೆ ಎಂದು ನಿರ್ಧರಿಸಿ, ಹುರಿಯುವ ತವೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ದೃಷ್ಟಿ ತೆಗೆಯುವ ಬೀಜ ಚೆಲ್ಲಿ, ಹೊಗೆಯೆಬ್ಬಿಸುತ್ತ ಬಾವಿಯ ಬಾಯಿಯನ್ನು ಪ್ರದಕ್ಷಿಣೆ ಹಾಕಲು ಹೊರಟಳು.

ಎಣ್ಣೆಬಾವಿಯ ಬಾಯಿಗೆ ಕೆಂಡ ಬರುವುದನ್ನು ಕಂಡ ಫಿಕ್ರತ್ ಟ್ರ್ಯಾಕ್ಟರಿನಿಂದ ಹಾರಿ ಎರಡು ಗೋಡೆ ದಾಟಿದ. ಆಗಾಸಲೀಂ ಓಡಿಹೋಗಿ ತವೆಯನ್ನು ಕಿತ್ತುಕೊಂಡು, ಕಣ್ಣಿಗೆ ಬಿದ್ದ ಮೊದಲ ನೀರಿಗೆ ಅದ್ದಿದ. ಅದು ತೆಲ್ಲಿ ಹೊಸ ಹಾಸಿಗೆಗೆಂದು ನಾಲ್ಕು ಸಲ ತೊಳೆದು ನೆನೆಹಾಕಿದ್ದ ಕುರಿ ಉಣ್ಣೆಯ ತೊಟ್ಟಿ.

ತೆಲ್ಲಿ ಬೂದಿ ಹತ್ತಿದ ಉಣ್ಣೆಯನ್ನು ನೋಡಿದಳು. ಗಂಡನನ್ನು ನೋಡಿದಳು.

“ಇವತ್ತು ಆ ಬಾವಿ ಎಣ್ಣೆ ಕೊಡದೆ ಇದ್ರೆ,” ಎಂದಳು ಮೆಲ್ಲಗೆ, “ನಿಮ್ಮನ್ನ ಅದರೊಳಗೆ ಹಾಕಿ ಮೇಲೆ ಸಿಮೆಂಟ್ ನಾನೇ ಸುರೀತೀನಿ.”

“ಕೊಡುತ್ತೆ ಕಣೇ,” ಎಂದ ಆಗಾಸಲೀಂ. ಅವನಿಗೆ ನಿಜಕ್ಕೂ ಸಂಶಯವಿರಲಿಲ್ಲ.

ಬಾವಿ ತೊಳೆಯಲು ನೀರು ಬೇಕು. ನೀರಿನ ಲಾರಿ ಇದ್ದದ್ದು ಎರಡು ದಳಕ್ಕೂ ಸೇರಿ ಒಂದೇ, ಅದು ಅಂದು ಅಜ್ದರನ ವಶದಲ್ಲಿತ್ತು. ಆಗಾಸಲೀಂ ಅಭಿಮಾನ ನುಂಗಿ ಭಾವಮೈದನ ಅಂಗಳಕ್ಕೆ ಹೋದ. ಅಜ್ದರ್ ಬಹಳ ಆದರದಿಂದ ಕೂರಿಸಿದ. ಒಂದು ಲೋಟ ಚಹಾ ತರಿಸಿದ, ಅಂಜೂರದ ಮುರಬ್ಬ ತರಿಸಿದ, ಇನ್ನೊಂದು ಲೋಟ ಚಹಾ ತರಿಸಿದ. ಮೂರನೆಯ ಲೋಟ ಮುಗಿದ ಮೇಲೆ, ಲಾರಿಯ ಚಕ್ರ ಪಂಕ್ಚರ್ ಆಗಿದೆ ಎಂದ. ಲಾರಿ ಎದುರಿಗೇ ನಾಲ್ಕೂ ಕಾಲ ಮೇಲೆ ಗಟ್ಟಿಯಾಗಿ ನಿಂತಿತ್ತು.

“ಯಾಕೆ ಭಾವ ಈ ವಯಸ್ಸಲ್ಲಿ ಒದ್ದಾಡ್ತೀಯ?” ಎಂದ ಅಜ್ದರ್. “ಸೋಮವಾರದಿಂದ ನನ್ನ ಕೈಕೆಳಗೆ ಬಾ. ನಿನಗೆ ನೆರಳಲ್ಲಿ ಕೆಲಸ ಕೊಡ್ತೀನಿ. ಅಕ್ಕನ ಮುಖ ನೋಡಿ ಹೇಳ್ತಿದೀನಿ.”

“ಸೋಮವಾರ ನೀನೇ ನನ್ನ ಬಾವಿ ನೋಡೋಕೆ ಬರ್ತೀಯ,” ಎಂದು ಹೇಳಿ ಆಗಾಸಲೀಂ ಎದ್ದುಬಂದ. ಭಾವನ ಸೋಲನ್ನು ಕಣ್ಣಾರೆ ನೋಡುವ ಆಸೆಯಿಂದ ಅಜ್ದರ್ ತನ್ನ ಹೊಸ ಬಿಳಿ ಕಾರು ಹತ್ತಿ ಹಿಂದೆಯೇ ಬಂದ. ಚೆನ್ನಾಗಿ ಕಾಣಲೆಂದು ಬಾವಿಯ ಮಗ್ಗುಲಲ್ಲೇ ನಿಲ್ಲಿಸಿದ.

ಇತ್ತ ಉಸ್ತಾ ಇಲ್ಲದ ಹೊತ್ತಿನಲ್ಲಿ ಓಣಿಯವರಿಗೆ ಕರುಣೆ ಉಕ್ಕಿತ್ತು. ಹದಿನಾಲ್ಕು ಮನೆಗಳ ಕೈತೋಟದ ಪೈಪುಗಳನ್ನು ಒಂದಕ್ಕೊಂದು ಸೇರಿಸಿ, ಬಾವಿಗೆ ನೀರು ಒತ್ತುವ ಪಂಪ್‌ಗಾಡಿಯ ಪಕ್ಕದ ಕಬ್ಬಿಣದ ತೊಟ್ಟಿಯನ್ನು ಕಂಠದವರೆಗೆ ತುಂಬಿಸಿದ್ದರು. ಅದನ್ನು ಕಂಡು ಆಗಾಸಲೀಮನ ಕಣ್ಣು ಒದ್ದೆಯಾಯಿತು. ಯಂತ್ರ ಶುರುಮಾಡಲು ಹೇಳಿದ. ನೀರು ಬಾವಿಯೊಳಗೆ ಇಳಿಯಿತು. ಅದು ಒಂದು ಬದಿಯಿಂದ ಇಳಿದು, ತಳದ ಮರಳನ್ನು ಹೊತ್ತು, ಇನ್ನೊಂದು ಬದಿಯಿಂದ ಮೇಲೆ ಬರಬೇಕು.

ಮೇಲೆ ಬಂದದ್ದು ನೊರೆ.

ಮೊದಲು ಒಂದು ಗುಳ್ಳೆ. ಆಮೇಲೆ ಹಾಲು ಉಕ್ಕಿದಂತೆ ಉಕ್ಕಿ, ಕಂದು ಬಣ್ಣದ ನೊರೆ ಬಾವಿಯ ಬಾಯಿಂದ ಆಳೆತ್ತರ ಎದ್ದು, ಸುತ್ತ ಕುಸಿದು, ಓಣಿಯಲ್ಲಿ ಹರಿಯಿತು. ಮಿರ್ಜಾಗಾನ ಕುರ್ಚಿ ಮುಳುಗಿತು. ಅವನು ಮಾತ್ರ ಮಾತು ನಿಲ್ಲಿಸಲಿಲ್ಲ. ಅಜ್ದರನ ಬಿಳಿ ಕಾರು ಮೊದಲು ಚಕ್ರ, ಆಮೇಲೆ ಬಾಗಿಲು, ಕೊನೆಗೆ ಕನ್ನಡಿಯವರೆಗೆ ಒಳಹೋಯಿತು. ಬಾಗಿಲು ತೆರೆದರೆ ನೊರೆ ಒಳಗೆ ಬರುತ್ತದೆಂದು ಅಜ್ದರ್ ಒಳಗೇ ಕುಳಿತು ಹಾರ್ನ್ ಬಾರಿಸಿದ.

ಆಗಾಸಲೀಂ ತೊಟ್ಟಿಗೆ ಏನು ಹಾಕಿದಿರಿ ಎಂದು ಕೇಳಿದ. ಖೇಯ್ರಾನ್ಸಾ ಅಜ್ಜಿ ಸಂಕೋಚದಿಂದ ಮುಂದೆ ಬಂದಳು. ಜಿಡ್ಡು ಬಾಣಲೆಗೆ ಬರೀ ನೀರು ಯಾವ ಹೆಂಗಸು ಹಾಕುತ್ತಾಳೆ, ಅದಕ್ಕೇ ಓಣಿಯ ಮನೆಮನೆಯಿಂದ ಪಾತ್ರೆ ತೊಳೆಯುವ ಸಾಬೂನು ಕೂಡಿಸಿ ಸುರಿದೆವು, ಒಟ್ಟು ಅರವತ್ತು ಬಾಟಲಿ ಎಂದಳು.

ಆಗಾಸಲೀಂ ತಲೆಯ ಮೇಲೆ ಕೈ ಇಡಲು ಹೋದವನು ಅರ್ಧಕ್ಕೇ ನಿಲ್ಲಿಸಿದ. ಬಗ್ಗಿ ಒಂದು ಹಿಡಿ ನೊರೆ ಎತ್ತಿ ಬೆರಳಲ್ಲಿ ಹೊಸಕಿದ. ನೊರೆಯ ತುಂಬ ಮರಳು. ನೀರು ಎತ್ತಲಾರದ ಹಳೆಯ, ದಪ್ಪ, ಕಪ್ಪು ಮರಳು. ಅವನ ಮೂವತ್ತೊಂದು ವರ್ಷದಲ್ಲಿ ಆ ಬಾವಿಯ ತಳದಿಂದ ಒಮ್ಮೆಯೂ ಮೇಲೆ ಬಾರದಿದ್ದ ಮರಳು.

“ನಿಲ್ಲಿಸಬೇಡ ಫಿಕ್ರತ್,” ಎಂದ. “ಇನ್ನೂ ಒತ್ತು.”

ಎರಡು ತಾಸು ಬಾವಿ ಕಕ್ಕಿತು. ನೊರೆ ಬೆಳ್ಳಗಾದ ಮೇಲೆ ಕೊಳವೆ ಇಳಿಸಿ, ಪಂಪು ಕೂರಿಸಿ, ಸ್ವಿಚ್ ಹಾಕಿದರು. ಕಬ್ಬಿಣದ ತಲೆ ಒಮ್ಮೆ ತಡವರಿಸಿ, ಮೇಲೆದ್ದು, ಕಿರ್ರೆಂದಿತು. ಓಣಿಯ ಮಕ್ಕಳಿಗೆ ಕೂಡಲೇ ಆಕಳಿಕೆ ಬಂತು.

ಐದಕ್ಕೆ ಸರಿಯಾಗಿ ದಿಲ್ರುಬಾ ಖಾನಂ ಬಂದಾಗ ಕೊಳವೆಯ ಬಾಯಿಂದ ಗಟ್ಟಿ ಕಪ್ಪು ಎಣ್ಣೆ ಧಾರೆಯಾಗಿ ಬೀಳುತ್ತಿತ್ತು. ಅವಳು ಕೈಗಡಿಯಾರ ನೋಡುತ್ತ ಅಳತೆಯ ಬಕೆಟ್ ಹಿಡಿದಳು. ನಿನ್ನೆಯವರೆಗೆ ಆ ಬಕೆಟ್ ತುಂಬಲು ಅರ್ಧ ತಾಸು ಬೇಕಿತ್ತು. ಇಂದು ಆರೇ ನಿಮಿಷದಲ್ಲಿ ತುಂಬಿ ಚೆಲ್ಲಿತು. ಅವಳು ಇನ್ನೊಮ್ಮೆ ಹಿಡಿದಳು. ಆರೇ ನಿಮಿಷ. ಸಿಮೆಂಟಿನ ಕಾಗದವನ್ನು ಅಲ್ಲೇ ಹರಿದಳು. ಇಂಥ ಕೈಚಳಕ ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ ಎಂದು ಉಸ್ತಾನ ಕೈ ಕುಲುಕಿದಳು. ಆಗಾಸಲೀಂ ನೊರೆಯಿಂದ ಹೊರಬಂದು ನಿಂತಿದ್ದ ಅಜ್ದರನ ಕಡೆ ನೋಡಿ ಮೀಸೆ ಸವರಿಕೊಂಡ.

ಆಮೇಲೆ ದಿಲ್ರುಬಾ ಖಾನಂ ಲೆಕ್ಕ ಹಾಕಿದಳು. ಮತ್ತೆ ಹಾಕಿದಳು. ಅವಳ ಮುಖ ಸಪ್ಪಗಾಯಿತು.

“ಉಸ್ತಾ, ಒಂದು ತೊಡಕು,” ಎಂದಳು. “ದಿನಕ್ಕೆ ಒಂದು ಟನ್ನಿಗಿಂತ ಕಡಿಮೆ ಕೊಟ್ಟರೆ ಮಾತ್ರ ಅದು ಹಳೆಯ ಬಾವಿ. ಇದು ಎರಡು ಟನ್ ಕೊಡ್ತಿದೆ. ಇದು ಈಗ ಹೊಸ ಬಾವಿ. ನಿಮ್ಮ ಪಟ್ಟಿಯಿಂದ ತೆಗೀಲೇಬೇಕು.”

“ಹಾಗಾದ್ರೆ ನನ್ನ ಹತ್ರ?”

“ಒಂಬತ್ತು.”

ದಿಲ್ರುಬಾ ಖಾನಂ ಕೆಟ್ಟವಳಲ್ಲ. ದನಿ ತಗ್ಗಿಸಿ, ತನ್ನ ಗಡಿಯಾರ ಒಮ್ಮೊಮ್ಮೆ ಮುಂದೆ ಓಡುವುದುಂಟು, ಬಕೆಟ್ಟಿನ ಅಳತೆಯೂ ತಪ್ಪಿರಬಹುದು, ಉಸ್ತಾ ಹಾಗೆಂದು ಬರೆಸಿದರೆ ಹದಿನೈದು ನಿಮಿಷ ಎಂದು ತಿದ್ದಿ ಬಾವಿಯನ್ನು ಹಳೆಯದಾಗೇ ಉಳಿಸಲು ತನ್ನ ಅಡ್ಡಿಯಿಲ್ಲ ಎಂದಳು. ಆಗಾಸಲೀಂ ಎಣ್ಣೆಯ ಧಾರೆಯನ್ನು ನೋಡಿದ. ಜೀವಮಾನದ ಅತ್ಯುತ್ತಮ ಕೆಲಸವನ್ನು ಅರ್ಧಕ್ಕಿಂತ ಕಡಿಮೆ ಎಂದು ಬರೆಸಬೇಕು. ಕಷ್ಟವಾಯಿತು. ಆದರೂ ಅಜ್ದರನ ಮುಖ ಕಂಡು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

ಅಷ್ಟರಲ್ಲಿ ಖೇಯ್ರಾನ್ಸಾ ಅಜ್ಜಿಗೆ ಅವಮಾನ ತಡೆಯಲಾಗಲಿಲ್ಲ. ನಮ್ಮ ಉಸ್ತಾನ ಬಾವಿಯ ಮೇಲೆ ಅನುಮಾನವೇ, ಆರು ನಿಮಿಷವೂ ಅಲ್ಲ, ನಾನು ಜಪಮಣಿ ಎಣಿಸುತ್ತಿದ್ದೆ, ಐದೇ ಎಂದಳು. ಬಕೆಟ್ ಹತ್ತು ಲೀಟರಿನದಲ್ಲ, ಹನ್ನೆರಡರದ್ದು ಎಂದು ಮಿರ್ಜಾಗಾ ಪ್ರಮಾಣ ಮಾಡಿದ. ಬೇಕಾದರೆ ಓಣಿಯೆಲ್ಲ ಸಾಕ್ಷಿ ಹೇಳುತ್ತದೆ ಎಂದು ಹದಿನಾಲ್ಕು ಮನೆಯವರೂ ಸಾಲಾಗಿ ನಿಂತು ಅಳತೆಯ ಕಾಗದಕ್ಕೆ ಸಹಿ ಹಾಕಿದರು. ಹಾಕಿದ ಮೇಲೆ ಎಲ್ಲರೂ ಉಸ್ತಾನ ಕಡೆ ತಿರುಗಿ, ಮೆಚ್ಚುಗೆಗಾಗಿ ಕಾದರು.

ಆಗಾಸಲೀಂ ಬಾಯಿ ಮುಚ್ಚಿಕೊಂಡ.

ಬಿಸಿ ಕುತಾಬ್ ರೊಟ್ಟಿಗಳ ತಟ್ಟೆಗಳು ಹೊರಬಂದವು, ಓಣಿ ಸಂಭ್ರಮಿಸಿತು. ಅಜ್ದರ್ ಪ್ಯಾಂಟಿನ ಅಂಚು ಹಿಂಡುತ್ತ ಬಂದು, ಭಾವನ ದಳವನ್ನೂ ನಾನೂರ ಹದಿನೇಳನ್ನೂ ತನ್ನ ದಳಕ್ಕೆ ಸೇರಿಸಿದ್ದಾರೆ, ಅದರ ಗುಣ ಬಲ್ಲವನು ಭಾವನೊಬ್ಬನೇ, ಆದ್ದರಿಂದ ಸೋಮವಾರದಿಂದ ಅದನ್ನು ಭಾವನೇ ನೋಡಿಕೊಳ್ಳಬೇಕು, ಬೆಳಗ್ಗೆ ಏಳು ಗಂಟೆಗೆ ತನ್ನಲ್ಲಿ ಹಾಜರಿ ಹಾಕಬೇಕು ಎಂದು ಅಪ್ಪಣೆ ಕೊಟ್ಟು ಹೋದ.

ತೆಲ್ಲಿ ಗಂಡನಿಗೆ ಚಹಾ ತಂದಿಟ್ಟಳು. ಉಣ್ಣೆಯ ಮಾತು ಎತ್ತಲಿಲ್ಲ.

“ಯೋಚನೆ ಮಾಡಬೇಡ ಕಣೇ,” ಎಂದ ಆಗಾಸಲೀಂ. ಅವನ ದನಿಯಲ್ಲಿ ಬೆಳಗಿನ ಧೈರ್ಯ ಆಗಲೇ ಮರಳಿತ್ತು. “ಈ ಮಣ್ಣು ನನಗೆ ಗೊತ್ತು. ಒಂದು ವರ್ಷ ತಾಳು. ಮರಳು ತಾನಾಗೇ ಬಂದು ತುಂಬ್ಕೊಳುತ್ತೆ, ಬಾವಿ ಮತ್ತೆ ಮುದಿಯಾಗುತ್ತೆ, ನನ್ನ ಪಟ್ಟಿಗೆ ವಾಪಸ್ ಬರುತ್ತೆ.”

ಗೋಡೆಯಾಚೆಯಿಂದ ಖೇಯ್ರಾನ್ಸಾ ಅಜ್ಜಿಯ ದನಿ ಕೇಳಿಸಿತು.

“ಆ ಭಯ ಬಿಡು ಉಸ್ತಾ. ತಿಂಗಳಿಗೊಂದ್ಸಲ ಮನೆಗೆ ನಾಲ್ಕು ಬಾಟಲಿ ಅಂತ ಈಗಷ್ಟೇ ಗೊತ್ತುಮಾಡಿದ್ವಿ. ನಾವಿರೋವರೆಗೆ ಅದು ಮುದಿಯಾಗೋಕೆ ಬಿಡಲ್ಲ.”