ಅಕ್ಕನ ನೊಣಗಳು ಹೊಳೆ ದಾಟಿದ್ದು

ನಮ್ಮಕ್ಕನಿಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಶೀಸೆಯೊಳಗಿನವನ್ನು ಸೇರಿಸಿಯೋ, ಬಿಟ್ಟೋ? ಬಿಟ್ಟರೆ ಒಬ್ಬಳೇ ಮಗಳು. ಸೇರಿಸಿದರೆ ಗಾಂಧಾರಿಯೂ ಅಕ್ಕನಿಗೆ ಕೈಮುಗಿಯಬೇಕು!

ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳನ್ನು ಹಾಲಿನ ಶೀಸೆಗಳಲ್ಲಿ ಸಾಕಿ, ಹೆತ್ತವರ ಯಾವ ಗುಣ ಮರಿಗೆ ಇಳಿಯುತ್ತದೆಂದು ನೋಡುವುದು ಅಕ್ಕನ ಸಂಶೋಧನೆ. ಮೈಸೂರಿನ ಕಾಲೇಜಿಗೆ ರಜ ಬಂತೆಂದರೆ ಶೀಸೆಗಳೂ ಬಸ್ಸು ಹತ್ತಿ ಹಾಸನದ ಮನೆಗೆ ಬರುತ್ತಿದ್ದವು. ಮಗಳಿಗೆ ರಾಗಿ ಸರಿ, ನೊಣಗಳಿಗೆ ಬೆಲ್ಲದ ರವೆಗಂಜಿ, ಎರಡೂ ಒಂದೇ ಒಲೆಯ ಮೇಲೆ. ಒಮ್ಮೆ ಅಕ್ಕನ ಅತ್ತೆ ಘಮಕ್ಕೆ ಸೋತು ಗಂಜಿಯನ್ನು ಒಂದು ಬಟ್ಟಲು ಮುಗಿಸಿಬಿಟ್ಟರು.

"ಅದು ನೊಣಗಳದ್ದು ಅತ್ತೆ."

"ನೊಣಕ್ಕೆ ಇಷ್ಟು ರುಚಿಯಾಗಿ ಮಾಡೋಳು, ನಮಗ್ಯಾಕೆ ದಿನಾ ಸಪ್ಪೆ ಸಾರು ಹಾಕ್ತೀಯೇ?"

ಇಷ್ಟಕ್ಕೇ ನಿಂತಿದ್ದರೆ ನಾನು ಇವತ್ತೂ ಹೊಳೆ ಕಂಡರೆ ಕಣ್ಣು ಮುಚ್ಚುತ್ತಿರಲಿಲ್ಲ. ಅರಕಲಗೂಡಿನ ಕಡೆಯ ಅಜ್ಜಿಯೊಬ್ಬರು ಕಿವಿ ಕೇಳದ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಹಾಸನದ ಆಸ್ಪತ್ರೆಗೆ ಬಂದಿದ್ದಾಗ ಅಕ್ಕನ ಕೈಗೆ ಸಿಕ್ಕರು. ಆ ಮಕ್ಕಳ ತಾಯಿಯನ್ನು ಸೋದರಮಾವನಿಗೇ, ಅಂದರೆ ಅಜ್ಜಿಯ ಹಿರಿಮಗನಿಗೇ ಕೊಟ್ಟಿತ್ತು. ಈಗ ಅವಳ ತಂಗಿಯನ್ನೂ ಕಿರಿಯ ಮಾವನಿಗೆ ಕೊಡುವ ಮಾತು. "ಒಂದು ಸಲ ನಮ್ಮ ನೊಣ ನೋಡಿ, ಆಮೇಲೆ ಲಗ್ನ ಇಡಿ" ಎಂದಳು ಅಕ್ಕ. ಲೋಕದಲ್ಲಿ ಯಾರಾದರೂ ನೊಣ ನೋಡಿ ಲಗ್ನ ಇಟ್ಟಿದ್ದಾರೆಯೇ?

ದಸರಾ ರಜದಲ್ಲಿ ಹೊಳೆಯಾಚೆಯ ಅಜ್ಜಿಯ ಊರಿಗೆ ಹೊರಟೆವು. ಅತ್ತೆ ಚನ್ನರಾಯಪಟ್ಟಣಕ್ಕೆ ಹೋಗಿದ್ದರಿಂದ ಪುಟ್ಟ ಮಗಳೂ ಜೊತೆಗೆ. ಡಬರಿಯೊಂದರಲ್ಲಿ ಶೀಸೆಗಳು: ಒಂದೇ ಬಳಗದ ಕೆಂಪು ಕಣ್ಣಿನ ಜೋಡಿಗೆ ಕಂದು ಕಣ್ಣಿನ ಮರಿ ಹುಟ್ಟಿದ್ದನ್ನು, ಹೆತ್ತವರಲ್ಲಿ ಕಾಣದ ಗುಣವೂ ಹೀಗೆ ಮರಿಯಲ್ಲಿ ಹೊರಬೀಳುತ್ತದೆಂದು ತೋರಿಸಲು. ಅಕ್ಕನ ಹತ್ತಿರ ಇದ್ದ ಸಾಕ್ಷಿ ಅದೊಂದೇ.

ಹೇಮಾವತಿಯ ನಡುವೆ ಹರಿಗೋಲು ಗಿರ್ರನೆ ತಿರುಗಿತು. ನೀರು ಒಳಗೆ ಬಂತು. ಬಿ.ಎ. ಓದಿದ್ದ ನನಗೆ ಈಜು ಬರುತ್ತಿರಲಿಲ್ಲ.

"ಅವ್ವಾ, ಡಬರಿ ಖಾಲಿ ಮಾಡಿ! ನೀರ್ ಎತ್ತಾಕ್ಬೇಕು!" ಅಂಬಿಗ ಕೂಗಿದ.

ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಆದರೆ ಶೀಸೆಗಳನ್ನು ಹಾಗೇ ಎಸೆಯಲೂ ಇಲ್ಲ. ಒಂದೊಂದರ ಬಾಯಿಗೆ ಗಿಡಿದಿದ್ದ ಹತ್ತಿಯನ್ನೂ ಹಲ್ಲಿನಲ್ಲಿ ಕಚ್ಚಿ ಕಿತ್ತು, ನೊಣಗಳನ್ನು ಗಾಳಿಗೆ ಬಿಟ್ಟು, ಆಮೇಲೆ ಹೊಳೆಗೆ ಹಾಕಿದಳು. ಡಬರಿ ನನ್ನ ಕೈಗೆ ಬಂತು. ನಾನು ನೀರೆತ್ತಿ ಚೆಲ್ಲಿದೆ. ಈಗಲೂ ಕನಸಿನಲ್ಲಿ ಚೆಲ್ಲುತ್ತಲೇ ಇದ್ದೇನೆ.

ಆಚೆ ದಡದ ಅಜ್ಜಿಯ ಮನೆಗೆ ಅಕ್ಕ ತೊಯ್ದ ಸೀರೆಯಲ್ಲೇ ಹೋಗಿ ಕೂತಳು. ನೊಣವಿಲ್ಲದ ಕಥೆ ಕೇಳಿ ಅಜ್ಜಿ, "ಮಗೀನ ತಲೆ ಮುಟ್ಟಿ ಯೋಳವ್ವ. ಈ ಮದ್ವೆ ಆದ್ರೆ ಉಟ್ಟೋ ಕೂಸ್ಗೂ ಕಿವಿ ಕೇಳಾಕಿಲ್ವಾ?" ಎಂದರು.

ಹೌದು ಅಂದುಬಿಡೆ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

"ಖಂಡಿತ ಅಂತ ಹೇಳಲಾರೆ ಅಜ್ಜಿ. ಹೊರಗಿನ ಸಂಬಂಧಕ್ಕಿಂತ ಇದರಲ್ಲಿ ಕೇಳದೆ ಇರೋ ಸಂಭವ ಜಾಸ್ತಿ. ನನಗೆ ಗೊತ್ತಿರೋದು ಅಷ್ಟೇ."

ಅಜ್ಜಿ ತಮ್ಮ ಸೆರಗಿನಿಂದ ಮಗುವಿನ ತಲೆ ಒರೆಸತೊಡಗಿದರು. "ಇಷ್ಟು ಯೋಳಾಕೆ ಕೂಸ್ನೂ ಕಟ್ಕಂಡು ಆ ಒಳೇಲಿ ಬಂದ್ಯಾ? ಎತ್ತವಳು ಸುಮ್ಕೆ ಬರಾಕಿಲ್ಲ ಕಣ್ಲಾ" ಎಂದು ಮದುಮಗನಾಗಬೇಕಿದ್ದ ಕಿರಿಮಗನ ಕಡೆ ತಿರುಗಿದರು. "ಈ ಮದ್ವೆ ಬ್ಯಾಡ."

"ನಂಗೆ ಮೊದ್ಲಿಂದ್ಲೂ ಬ್ಯಾಡ್ವಾಗಿತ್ತು ಕಣವ್ವ. ನೀನು ಕೇಳಿದ್ಯಾ?" ಎಂದ ಅವನು.

ವಾಪಸು ಬರುವಾಗ ಸುತ್ತು ಹಾಕಿ ಹೊಳೆನರಸೀಪುರದ ಸೇತುವೆ ದಾಟಿ ಬಸ್ಸಿನಲ್ಲಿ ಬಂದೆವು. ಅಷ್ಟು ನೊಣ ಕಳೆದುಕೊಂಡವಳನ್ನು ಹೇಗೆ ಸಮಾಧಾನ ಮಾಡಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಹತ್ತಿಯನ್ನು ಹಲ್ಲಿನಲ್ಲೇ ಏಕೆ ಕಿತ್ತಳೆಂದು ಆಗ ತಿಳಿಯಿತು. ಮಗುವಿನ ಎಳೆ ತೋಳಿನ ಮೇಲೆ ಅಕ್ಕನ ಐದು ಬೆರಳೂ ಕೆಂಪಗೆ ಮೂಡಿದ್ದವು. ಅವಳು ಅದನ್ನು ನಿಧಾನವಾಗಿ ತಿಕ್ಕುತ್ತಿದ್ದಳು.