ತಾನೇ ಎಣ್ಣೆ ಕುಡಿಯುವ ಬಂಡಿ

ಮನೆಯ ಯಜಮಾನನಾದವನು ತಾನು ಬರುವ ಸುದ್ದಿಯನ್ನು ಮೊದಲೇ ಮುಟ್ಟಿಸಿ, ಆಮೇಲೆ ಹೊಸ್ತಿಲು ದಾಟಬೇಕು ಎಂದು ನನಗೆ ಈಗ ಖಚಿತವಾಗಿದೆ. ಕೆಮ್ಮಿದರೂ ಸಾಕು, ಚಪ್ಪಲಿ ಎಳೆದು ನಡೆದರೂ ಸಾಕು. ನಾನು ಇದನ್ನು ಮರೆತು ಒಂದೇ ಒಂದು ಸಂಜೆ ಸಪ್ಪಳವಿಲ್ಲದೆ ಮನೆಗೆ ಬಂದೆ. ಅಂದು ಧಸಕ್ಕೆಂದ ಎದೆ ಇನ್ನೂ ಪೂರ್ತಿ ತನ್ನ ಜಾಗಕ್ಕೆ ಬಂದಿಲ್ಲ.

ನಾನು ಗಜೇಂದ್ರಗಡದ ಸೀರೆ ವ್ಯಾಪಾರಿ. ನೇಕಾರರ ಮನೆಯಿಂದ ಸೀರೆ ಎತ್ತಿ ರೋಣಕ್ಕೂ ನರಗುಂದಕ್ಕೂ ಒಯ್ದು ಮಾರುವವನು. ಇದಕ್ಕೆ ದೊಡ್ಡ ಚಕ್ಕಡಿ ಬೇಕು. ನನ್ನ ಹತ್ತಿರ ಇರುವುದು ಓಟದ ಬಂಡಿ. ತೆಳ್ಳನೆಯ ಗಾಲಿ, ಇಬ್ಬರು ಮೈ ಮುದುಡಿ ಕೂರುವಷ್ಟು ಜಾಗ, ಮೇಲೆ ಕಮಾನಿಲ್ಲ, ಬಿಸಿಲು ಬಂದರೆ ಬಿಸಿಲು, ಮಳೆ ಬಂದರೆ ಮಳೆ. ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಳ್ಳಬೇಕು. ಆದರೆ ಓಟ! ಒಮ್ಮೆ ರೋಣದ ದಾರಿಯಲ್ಲಿ ಕಂಪನಿ ಸರಕಾರದ ಸಾಹೇಬರ ಕುದುರೆಯನ್ನೇ ಹಿಂದೆ ಹಾಕಿದ್ದೇನೆ. ಸಾಹೇಬರು ಆಗ ಕೆಳಗಿಳಿದು ಬೇವಿನ ಗಿಡದ ನೆರಳಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು ಎಂಬ ಮಾತನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಭಾರವೆಂದು ಎತ್ತುಗಳ ಕೊರಳ ಗಂಟೆಯನ್ನೂ ಬಿಚ್ಚಿಟ್ಟಿದ್ದೆ. ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಎಷ್ಟು ಕೀಲೆಣ್ಣೆ ಬಳಿದರೂ ಅರ್ಧ ದಾರಿಗೆ ಅಚ್ಚು ಒಣಗಿ ಕಿರ್ರೋ ಎಂದು ಕಿರುಚುತ್ತಿತ್ತು. ಬಂಡಿ ಪಕ್ಕದೂರು ಲಕ್ಕಲಕಟ್ಟಿ ದಾಟುವಾಗಲೇ ನಮ್ಮ ಮನೆಯ ಬೆಕ್ಕು ಕಿವಿ ನಿಮಿರಿಸುತ್ತದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಇನ್ನು ಮನೆಯ ಮಾತು. ನನ್ನ ಅವ್ವನಿಗೂ ಹೆಂಡತಿ ಗಂಗವ್ವನಿಗೂ ಎಣ್ಣೆ ಸೀಗೆಕಾಯಿ. ನಾನು ಬಂಡಿ ಇಳಿಯುವುದಕ್ಕಿಲ್ಲ, ಜಗಳ ಶುರು. ಒಂದು ದಿನ ಮಜ್ಜಿಗೆಯ ಉಪ್ಪಿಗೆ, ಇನ್ನೊಂದು ದಿನ ಒಲೆಯ ಹೊಗೆಗೆ. ಅವ್ವನಿಗೆ ಮೊಣಕಾಲು ನೋವು ಬೇರೆ, ಮಡಚಲು ಬಾರದು. ನಾನು ಅವಳ ಕಾಲೊತ್ತುತ್ತ ಅವಳ ದೂರು ಕೇಳಬೇಕು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕೂತು ಗಂಗವ್ವನ ದೂರು ಕೇಳಬೇಕು, ಊಟದ ಹೊತ್ತಿಗೆ ತೀರ್ಪು ಕೊಡಬೇಕು. ನಾನಿಲ್ಲದಿದ್ದರೆ ಇವರಿಬ್ಬರೂ ಕೂದಲು ಹಿಡಿದು ಎಳೆದಾಡುತ್ತಾರೆಂದು ನಂಬಿದ್ದೆ. ಕೊನೆಗೆ ಬೇಸತ್ತು, ಅವ್ವನನ್ನು ನರಗುಂದದಲ್ಲಿರುವ ನನ್ನ ತಮ್ಮನ ಮನೆಗೆ ಶಾಶ್ವತವಾಗಿ ಬಿಟ್ಟುಬರುವುದೆಂದು ನಿಶ್ಚಯಿಸಿ ಇಬ್ಬರಿಗೂ ಹೇಳಿಬಿಟ್ಟೆ. ಇಬ್ಬರೂ ಮಾತಾಡಲಿಲ್ಲ. ಒಪ್ಪಿಗೆಯಾಯಿತು ಎಂದುಕೊಂಡೆ.

ಅಷ್ಟು ದೂರದ ದಾರಿಗೆ ಬಂಡಿ ಸರಿಯಾಗಿರಬೇಕಲ್ಲ. ಹೊರಡುವ ಹಿಂದಿನ ದಿನ ರೋಣದ ಬಡಿಗೇರ ಮೌನಪ್ಪನ ಹತ್ತಿರ ಒಯ್ದೆ. ಅವನು ಗಾಲಿ ಕಳಚಿ, ಅಚ್ಚು ಉಜ್ಜಿ, ಪಟ್ಟಿ ಬಿಗಿದು, ಕೊನೆಗೆ ಗಾಲಿಗೊಂದರಂತೆ ಎರಡು ಎತ್ತಿನ ಕೊಂಬುಗಳನ್ನು ಅಚ್ಚಿನ ಮೇಲೆ ಕಟ್ಟಿದ. ಕೊಂಬಿನ ತುಂಬ ಔಡಲೆಣ್ಣೆ. ತುದಿಯ ತೂತಿನಲ್ಲಿ ಹತ್ತಿಯ ಬತ್ತಿ.

"ಗಾಲಿ ಅಳ್ಳಾಡಿದಂಗ ಹನಿ ಹನಿ ತಾನ ಇಳೀತೈತ್ರಿ, ಧಣಿ. ನೀವು ಕೈ ಹಚ್ಚೂದ ಬ್ಯಾಡ. ಮುಂಜಾನಿಗೊಮ್ಮೆ ಕೊಂಬಿನಾಗ ಕಡ್ಡಿ ಎದ್ದಿ ನೋಡ್ರಿ, ಎಷ್ಟ ಉಳದೈತಿ ಅಂತ. ಅಷ್ಟ," ಎಂದ.

"ಸಪ್ಪಳ?"

"ಸಪ್ಪಳ ಬಂದ್ರ ನನ್ನ ಉಳಿ ನಿಮ್ಮ ಕೈಯಾಗ ಕೊಡ್ತೇನ್ರಿ."

ಬರಲಿಲ್ಲ. ದಾರಿಯುದ್ದಕ್ಕೂ ಕಡ್ಡಿ ಅದ್ದಿ ಎಣ್ಣೆ ನೋಡಿದ್ದೇ ನೋಡಿದ್ದು. ಮಸಾರಿ ನೆಲದ ಮೆತ್ತನೆ ಕೆಂಧೂಳಿನಲ್ಲಿ ಎತ್ತಿನ ಗೊರಸೂ ಕೇಳುತ್ತಿರಲಿಲ್ಲ. ಹೊತ್ತು ಮುಳುಗುವುದಕ್ಕೆ ಇನ್ನೂ ಎರಡು ಮಾರು ಇರುವಾಗಲೇ ನಮ್ಮ ಅಂಗಳದಲ್ಲಿದ್ದೆ. ಬೆಕ್ಕು ಮಲಗಿಯೇ ಇತ್ತು. ಒಳಗೆ ಯಾರೋ ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲ ಸಂದಿಯಿಂದ ಇಣುಕಿದೆ.

ಪಡಸಾಲೆಯ ನಡುವೆ ಪಗಡೆಯ ಹಾಸು. ಒಂದು ಕಡೆ ನನ್ನ ಅವ್ವ, ಮಡಚಲು ಬಾರದ ಎರಡೂ ಮೊಣಕಾಲುಗಳನ್ನು ಚೆನ್ನಾಗಿ ಮಡಚಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಇನ್ನೊಂದು ಕಡೆ ಗಂಗವ್ವ, ನನ್ನ ಹಳೆಯ ರುಮಾಲನ್ನು ತಲೆಗೆ ಸುತ್ತಿಕೊಂಡು, ಬೀಸುವ ಕಲ್ಲಿನ ಮುಂದೆ ಬಗ್ಗಿ, ನನ್ನದೇ ಗಂಟಲಲ್ಲಿ ಹೇಳುತ್ತಿದ್ದಾಳೆ: "ಇದರ ಅಚ್ಚ ನೋಡ್ರಿ, ಅಚ್ಚ! ಸಾಹೇಬರ ಕುದುರಿ ಹಿಂದ ಬಿತ್ರಿ!" ಅವ್ವ ಕಣ್ಣೀರು ಸುರಿಸಿ ನಗುತ್ತಿದ್ದಾಳೆ. ನನಗೆ ಬೇರೆಯವರ ಮನೆಗೆ ಬಂದೆನೇನೋ ಎನಿಸಿತು. ಹೊರಗೆ ತಿರುಗಿ ತುಳಸಿಕಟ್ಟೆ ನೋಡಿದೆ. ನಮ್ಮದೇ.

ನಗು ನಿಂತಿತು. ಅವ್ವ ಸೆರಗಿನಿಂದ ಕಣ್ಣೊರೆಸಿ ಅಂದಳು: "ಆದ್ರ ಗಂಗೀ, ನಾಳೆ ನನ್ನ ನರಗುಂದಕ್ಕ ಬಿಟ್ಟ ಬರ್ತಾನಂತ ಅಂವ. ನಾವು ಜಗಳ ಭಾಳ ಮಾಡಿಬಿಟ್ವಿ ಕಾಣ್ತದ."

"ನೀವ ಮೊನ್ನಿ ಅಳಬಾರದಿತ್ತ್ರಿ, ಅತ್ತಿ. ಬರೇ ಬೈದಿದ್ರ ಸಾಕಿತ್ತ."

"ಮತ್ತೇನ ಮಾಡ್ಲಿ? ದೀಪಾವಳಿಯಾಗ ಎಂಟ ದಿನ ಜಗಳ ಬಿಟ್ಟು ನೋಡಿದ್ವಲ್ಲ. ಅಂವ ಒಂದ ದಿನರ ನನ್ನ ಹತ್ರ ಕುಂತಾ? ನಿನ್ನ ಮಾತಾಡ್ಸಿದಾ? ಆ ಬಂಡಿ ಕೆಳಗ ಹೊಕ್ಕೊಂಡ ಕುಂತ. ಉಣ್ಣಾಕ ಕರದ್ರ ಎಣ್ಣಿ ಕೈ ತೋರಿಸ್ದ."

ಗಂಗವ್ವ ಮೆಲ್ಲಗೆ ರುಮಾಲು ಬಿಚ್ಚಿದಳು. "ನೀವ ಹ್ವಾದ್ರ ನಾ ಯಾರ ಕೂಡ ಜಗಳಾಡ್ಲಿ? ಈ ಮನ್ಯಾಗ ನನ್ನ ಕೂಡ ಯಾರ ಮಾತಾಡ್ತಾರ?" ಎಂದಳು. ಅವಳ ದನಿ ಒಡೆದಿತ್ತು. ಅವ್ವ ಅವಳ ಬೆನ್ನು ಸವರಿ, "ಅಳಬ್ಯಾಡ. ಬಂಡಿ ಸಪ್ಪಳ ಇನ್ನೂ ಇಲ್ಲ. ಇನ್ನೊಂದ ಆಟ ಆಡೂಣು ಬಾ," ಎಂದಳು.

ನನಗೆ ನಾಚಿಕೆಯೋ ಸಿಟ್ಟೋ ಗೊತ್ತಾಗಲಿಲ್ಲ. ದೀಪಾವಳಿಯ ಆ ಎಂಟು ದಿನ ನನಗೂ ನೆನಪಿತ್ತು. ಮನೆ ಎಷ್ಟು ಶಾಂತವಾಗಿದೆ ಎಂದು ಸಂತೋಷಪಟ್ಟು ಎರಡೂ ಗಾಲಿ ಬಿಚ್ಚಿ ಜೋಡಿಸಿದ್ದೆ. ಒಳಗೆ ನುಗ್ಗಿ ಇಬ್ಬರನ್ನೂ ಹಿಡಿದುಬಿಡಬೇಕು ಎನಿಸಿತು. ಹಿಡಿದು ಏನು ಮಾಡುವುದು? ಎತ್ತುಗಳ ಮೂಗುದಾರ ಹಿಡಿದು, ಉಸಿರು ಬಿಗಿಹಿಡಿದು, ಬಂಡಿಯನ್ನು ಹಿಂದಕ್ಕೆ ತಿರುಗಿಸಿ ಊರ ಹೊರಗಿನ ಹಳ್ಳದವರೆಗೆ ಹೋದೆ. ಮೌನಪ್ಪ ಮೈಮುರಿದು ಮಾಡಿದ ಕೊಂಬಿನ ತೂತಿಗೆ ಬೆಣೆ ಹೊಡೆದೆ, ಅಚ್ಚನ್ನು ಒರೆಸಿದೆ, ಎರಡು ಮುಷ್ಟಿ ಉಸುಕು ಸುರಿದೆ. ನನ್ನ ಕೈಯಾರೆ! ಬಂಡಿ ಹಿಂದೆಂದೂ ಇಲ್ಲದಂತೆ ಕಿರುಚಿತು. ಅಂಗಳಕ್ಕೆ ಬರುವಷ್ಟರಲ್ಲಿ ಬೆಕ್ಕು ಓಡಿತ್ತು, ಪಗಡೆ ಮಾಯವಾಗಿತ್ತು, ಅವ್ವ ಕಾಲು ಚಾಚಿ ನರಳುತ್ತಿದ್ದಳು. ಗಂಗವ್ವ ಒಳಗಿಂದ, "ಇವತ್ತ ಸಾರಿಗೆ ಹುಳಿ ಹೆಚ್ಚಾತಂತ್ರಿ ನಿಮ್ಮವ್ವಗ!" ಎಂದು ಗುಡುಗಿದಳು.

ನಾನು ಕಾಲೊತ್ತಲು ಕೂತೆ. ಅವ್ವ ಗೋಡೆ ನೋಡುತ್ತ ಕೇಳಿದಳು: "ನಾಳೆ ಎಷ್ಟೊತ್ತಿಗೆ ಹೊರಡೂದಪಾ?"

"ಬಂಡಿ ಇನ್ನೂ ಒದರತೈತಿ ಬೇ. ದುರಸ್ತಿ ಆಗೂ ತನಕ ನರಗುಂದ ಬ್ಯಾಡ."

ಅವ್ವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ, "ಎಡಗಾಲು ಇನ್ನೊಂಚೂರ ಒತ್ತು," ಎಂದಳು.

ಅಂದಿನಿಂದ ಇದೇ ನನ್ನ ದಿನಚರಿ. ಹಳ್ಳದ ಉಸುಕು ಬರೀ ಹರಳು, ಅಚ್ಚನ್ನೇ ತಿಂದುಬಿಡುತ್ತದೆ. ಗಂಗವ್ವ ಪಾತ್ರೆ ತಿಕ್ಕಲು ತರಿಸಿಟ್ಟಿರುವ ಹೊಳೆಆಲೂರಿನ ಉಸುಕಿನಲ್ಲಿ ಬೆಳಿಗ್ಗೆ ಒಂದು ಮುಷ್ಟಿ ಕದ್ದು ರುಮಾಲಿನ ಚುಂಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ದಿನವಿಡೀ ಕೊಂಬಿನ ಎಣ್ಣೆಯಲ್ಲಿ ಸದ್ದಿಲ್ಲದೆ ಓಡಿಸಿ, ಸಂಜೆ ಹಳ್ಳದ ಹತ್ತಿರ ಬೆಣೆ ಹೊಡೆದು ಉಸುಕು ಸುರಿಯುವುದು. ಯಾರಿಗೂ ಗೊತ್ತಿಲ್ಲವೆಂದು ಹೆಮ್ಮೆಪಟ್ಟಿದ್ದೆ. ಎಂಟನೆಯ ದಿನ ರೋಣದಲ್ಲಿ ಗಂಗವ್ವ ಕಟ್ಟಿಕೊಟ್ಟ ಬುತ್ತಿಯ ಗಂಟು ಬಿಚ್ಚಿದೆ. ರೊಟ್ಟಿ, ಕೆಂಪು ಚಟ್ನಿ, ಉಳ್ಳಾಗಡ್ಡಿ. ಪಕ್ಕದಲ್ಲಿ ಮುತ್ತುಗದ ಎಲೆಯ ಒಂದು ಪೊಟ್ಟಣ. ಬಿಚ್ಚಿದರೆ, ಉಸುಕು! ಅಚ್ಚು ಸವೆಯದಿರಲೆಂದು ಸಣ್ಣ ಜರಡಿ ಹಿಡಿದ ಉಸುಕು. ರುಮಾಲಿನ ಚುಂಗು ಬಿಚ್ಚಿ ಕದ್ದ ಉಸುಕನ್ನು ನೆಲಕ್ಕೆ ಕೊಡವಿದೆ.

ಆ ಸಂಜೆ ಮೂವರೂ ಹೊತ್ತಿಗೆ ಸರಿಯಾಗಿ ಜಗಳಕ್ಕೆ ಕೂತೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಎರಡೂ ಕಡೆಯ ಅಹವಾಲು ಕೇಳಿ, ತಲೆದೂಗಿ, ಅವ್ವನ ಪರವಾಗಿ ತೀರ್ಪು ಕೊಟ್ಟೆ. ಮರುದಿನದ ಪೊಟ್ಟಣದಲ್ಲಿ ಉಸುಕು ಜರಡಿ ಹಿಡಿದಿರಲಿಲ್ಲ.