ಮೊಸರು ಹುಳಿಯಾಗದಿದ್ದರೆ ಹೊರಡುವುದು

ಕೆಲವರು ಮುಟ್ಟಿದರೆ ಕೆಟ್ಟ ರೇಡಿಯೋ ಕೂಡ ಹಾಡುತ್ತದೆ. ನಾನು ಮುಟ್ಟಿದರೆ ಹಾಡುತ್ತಿದ್ದ ರೇಡಿಯೋ ಎರಡು ಸಲ ಕೆಮ್ಮಿ ಮಲಗಿಬಿಡುತ್ತದೆ. ಇದು ನನ್ನ ಬಾಳಿನಲ್ಲಿ ಮೊದಲಿನಿಂದಲೂ ನಡೆದು ಬಂದದ್ದೇ. ಆದರೆ ಕಳೆದ ನಾಲ್ಕು ತಿಂಗಳಲ್ಲಿ ನಡೆದಷ್ಟು ಎಂದೂ ನಡೆದಿರಲಿಲ್ಲ.

ನಾನು ಉಡುಪಿ ಕಡೆಯವನು. ಚೆನ್ನೈಯ ತ್ರಿಪ್ಲಿಕೇನಿನಲ್ಲಿ ಮೂವತ್ತೆರಡು ವರ್ಷ ಮೆಸ್ ನಡೆಸಿದೆ. ಮಂಡಿನೋವು ಶುರುವಾದ ಮೇಲೆ ಮೆಸ್ಸನ್ನು ತಮ್ಮನಿಗೆ ಒಪ್ಪಿಸಿ ಮಾಧವರಂನ ಫ್ಲ್ಯಾಟಿಗೆ ಬಂದು ಕೂತೆ. ಇಷ್ಟು ವರ್ಷದಲ್ಲಿ ನನ್ನ ಹೆಂಡತಿ ನನ್ನಲ್ಲಿ ಕೇಳಿದ್ದು ಒಂದೇ. "ಇಲ್ಲಿ ಸೂರ್ಯ ಸಮುದ್ರದಲ್ಲಿ ಹುಟ್ಟುದು ಮಾತ್ರ. ಮುಳುಗುದನ್ನು ನೋಡದೆ ಎಷ್ಟು ಕಾಲ ಆಯ್ತು. ಒಮ್ಮೆ ನಮ್ಮ ಕಡೆಯ ಕಡಲ ಬದಿಯಲ್ಲಿ ಎಂಟು ದಿನ ಕೂರುವ. ನೀವು ಆ ಎಂಟು ದಿನ ಸಾಂಬಾರಿನ ಸುದ್ದಿ ಎತ್ತಬಾರದು." ನಾನು ಪ್ರತಿ ವರ್ಷವೂ ಮುಂದಿನ ವರ್ಷ ಎನ್ನುತ್ತಿದ್ದೆ. ಊರಿಗೆ ಮದುವೆಗೆಂದು ಹೋದರೂ ಊಟದ ಕೈ ಒಣಗುವ ಮೊದಲೇ ವಾಪಸು ಬಸ್ಸು ಹತ್ತುತ್ತಿದ್ದೆ.

ಆ ಋಣ ತೀರಿಸಲು ನಾನೊಂದು ಹಳೆಯ ಕ್ಯಾರವಾನ್ ಕೊಂಡೆ. ಸಿನಿಮಾದವರು ಶೂಟಿಂಗ್ ನಡುವೆ ಬೆವರು ಒರೆಸಿಕೊಳ್ಳಲು ಕೂರುತ್ತಿದ್ದ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಇದೆ. ಮೇಲೆ ಎರಡು ಸೋಲಾರ್ ಪ್ಯಾನೆಲ್ಲು, ಮಂಚದಡಿಯಲ್ಲಿ ಬ್ಯಾಟರಿ. ಬಿಸಿಲಿನಲ್ಲೇ ಎಲ್ಲವೂ ನಡೆಯುತ್ತದೆ ಎಂದು ಹೇಳಿ ಮಾರಿದರು. ಏನೂ ನಡೆಯಲಿಲ್ಲ.

ಪರೀಕ್ಷೆ

ಹೆಂಡತಿಗೆ ಸಕ್ಕರೆ ಕಾಯಿಲೆ. ಅವಳ ಇನ್ಸುಲಿನ್ ತಂಪಿನಲ್ಲಿರಬೇಕು. ಹಾಗಾಗಿ ಈ ಯಾತ್ರೆಯ ಭಾರವೆಲ್ಲ ಗಾಡಿಯ ಸಣ್ಣ ಫ್ರಿಜ್ಜಿನ ಮೇಲೆ ಬಿತ್ತು. ನಾನು ಮೀಟರು ತಂದು ವೋಲ್ಟೇಜು, ಆಂಪಿಯರು ಎಂದು ವಿವರಿಸತೊಡಗಿದೆ. ಅವಳು ಪೂರ್ತಿ ಕೇಳಿ, ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತುಂಬ ಮೊಸರು ತಂದಳು.

"ಇದನ್ನು ನಿಮ್ಮ ಫ್ರಿಜ್ಜಿನಲ್ಲಿ ಎರಡು ದಿನ ಇಡಿ. ಹುಳಿ ಆಗದಿದ್ರೆ ನಾನು ಬರ್ತೇನೆ."

ಹೋಟೆಲಿನವನ ಹೆಂಡತಿಗೆ ಇದಕ್ಕಿಂತ ದೊಡ್ಡ ಮೀಟರು ಬೇಕಿಲ್ಲ. ಮಾರನೆಯ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದೆ. ವಾಸನೆಗೇ ನನ್ನ ಹಲ್ಲು ಜುಮ್ಮೆಂದಿತು. ಆವತ್ತು ಮಧ್ಯಾಹ್ನ ಮಜ್ಜಿಗೆ ಹುಳಿ ಉಂಡೆವು. ಆಮೇಲೆ ಆ ತಿಂಗಳಿಡೀ ಉಂಡೆವು.

ಮೊದಲಿನ ಮಾಲೀಕ

ಗಾಡಿ ಕೊಟ್ಟವರು ಸೌಕಾರ್‌ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ. ಬಹಳ ಮರ್ಯಾದಸ್ಥರು. ಫೋನು ಮಾಡಿ, "ನಿಮ್ಮ ಸೋಲಾರು ಕೆಲಸ ಮಾಡ್ತಾ ಇಲ್ಲವಲ್ಲ ಸೇಠ್‌ಜಿ" ಎಂದೆ.

ಅವರಿಗೆ ನಿಜವಾಗಿ ಬೇಸರವಾಯಿತು. "ಹೇಗೆ ಸಾಧ್ಯ? ನನ್ನ ಹತ್ತಿರ ಇದ್ದಾಗ ಒಂದು ದಿನ ಕೂಡ ತೊಂದರೆ ಕೊಟ್ಟಿಲ್ಲ. ಫ್ರಿಜ್ಜಿನಲ್ಲಿ ಕುಲ್ಫಿ ಇಡ್ತಿದ್ದೆವು."

ನನಗೆ ಆಸೆ ಹುಟ್ಟಿತು. "ನೀವು ಯಾವ ಸ್ವಿಚ್ಚು ಹಾಕ್ತಿದ್ದಿರಿ?"

"ಸ್ವಿಚ್ಚು ಏನೂ ಇಲ್ಲ. ಮನೆಯಿಂದ ಒಂದು ಉದ್ದ ವೈರು ಎಳೆದು ಸಿಕ್ಕಿಸಿ ಇಟ್ಟಿದ್ದೆ."

"ಮತ್ತೆ ಸೋಲಾರು?"

"ಅದು ಇದೆ ಅನ್ನೋ ಧೈರ್ಯ" ಎಂದರು ಸೇಠ್‌ಜಿ.

ಮಾತ್ತಣುಂ

ಬ್ಯಾಟರಿ ಅಂಗಡಿಯವನನ್ನು ಕರೆಸಿದ ದಿನ ಹೆಂಡತಿಯ ಅಣ್ಣ ಊರಿಂದ ಬಂದಿದ್ದರು. ಭಾವನಿಗೆ ತಮಿಳು ಬರುವುದಿಲ್ಲ, ಆದರೆ ಬರುವುದಿಲ್ಲ ಎಂಬುದನ್ನು ಅವರು ಒಪ್ಪುವುದಿಲ್ಲ. ತಮಿಳೆಂದರೆ ಸ್ವಲ್ಪ ಎಳೆದು ಹೇಳಿದ ಕನ್ನಡ ಎಂದು ಅವರ ನಂಬಿಕೆ.

ಅಂಗಡಿಯವನು ಮಂಚದಡಿ ತೂರಿ, ಬ್ಯಾಟರಿಗೆ ವೈರು ಮುಟ್ಟಿಸಿ, ತಲೆಯಾಡಿಸುತ್ತ ಎದ್ದ. "ಬ್ಯಾಟರಿ ಮಾತ್ತಣುಂ ಸಾರ್" ಎಂದ. ಬ್ಯಾಟರಿ ಬದಲಾಯಿಸಬೇಕು ಎಂದು ಅವನ ಅರ್ಥ. ನಾನು ಹಣೆ ಹಿಡಿದುಕೊಂಡು ಕೂತೆ. ಭಾವನಿಗೆ ಕೇಳಿಸಿದ್ದು ‘ಮಾತು’ ಎಂಬುದೊಂದೇ.

"ಎಂತದು, ಬ್ಯಾಟರಿ ಹತ್ರ ಮಾತಾಡ್ಬೇಕಾ?"

ನಾನು ಬಿಡಿಸಿ ಹೇಳುವಷ್ಟರಲ್ಲಿ ಅವರು ತಂಗಿಯತ್ತ ತಿರುಗಿದ್ದರು. "ಕೇಳಿದಿಯಾ? ಮೂವತ್ತೆರಡು ವರ್ಷ ನಿನ್ನ ಹತ್ರ ಮಾತಾಡ್ಲಿಕ್ಕೆ ನಿನ್ನ ಗಂಡನಿಗೆ ಪುರುಸೊತ್ತಾಗ್ಲಿಲ್ಲ. ಈಗ ಬ್ಯಾಟರಿ ಹತ್ರ ಮಾತಾಡ್ಬೇಕಂತೆ."

ಹೆಂಡತಿ ಹೇಳಿದಳು, "ಮಾತಾಡ್ಲಿ ಬಿಡು. ಅದಾದ್ರೂ ಚಾರ್ಜ್ ಆಗ್ಲಿ."

ವ್ಯರ್ಥವಾಗದ ಬಿಸಿಲು

ಹೊಸ ಬ್ಯಾಟರಿ ಬಂತು. ಮೊಸರು ಹುಳಿಯಾಯಿತು.

ಈ ಸಲ ನಾನೇ ಸಂಶೋಧನೆಗೆ ಇಳಿದೆ. ದಿನವಿಡೀ ಮೀಟರು ಹಿಡಿದು ಕೂತು ಒಂದು ಪುಸ್ತಕದಲ್ಲಿ ಬರೆದೆ. ಬೆಳಿಗ್ಗೆ ಒಂಬತ್ತರವರೆಗೆ ಕರೆಂಟು ಚೆನ್ನಾಗಿ ಏರುತ್ತಿತ್ತು. ಚೆನ್ನೈಯ ಬಿಸಿಲು ತಾರು ಕರಗಿಸುವ ಹೊತ್ತಿಗೆ, ಅಂದರೆ ಹತ್ತರಿಂದ ಮೂರರವರೆಗೆ, ಪೂರ್ತಿ ಬಿದ್ದುಹೋಗುತ್ತಿತ್ತು. ಮೂರರ ಮೇಲೆ ಪುನಃ ಸ್ವಲ್ಪ ಜೀವ. ಮೂರು ದಿನವೂ ಹೀಗೇ. ಬಿಸಿಲು ಹೆಚ್ಚಾದರೆ ಕರೆಂಟು ಕಡಿಮೆಯಾಗುವ ಸೋಲಾರು ಲೋಕದಲ್ಲಿ ನನ್ನದೊಂದೇ ಇರಬೇಕು ಎನಿಸಿತು. ನನ್ನ ಹಣೆಬರಹಕ್ಕೆ ಅದು ಸರಿಯಾಗಿಯೇ ಹೊಂದುತ್ತಿತ್ತು.

ನಾಲ್ಕನೆಯ ದಿನ ಮಂಡಿ ಹಿಡಿದುಕೊಂಡು ಗಾಡಿಯ ಹಿಂದಿನ ಏಣಿ ಹತ್ತಿದೆ. ಮೇಲೆ ಎರಡೂ ಪ್ಯಾನೆಲ್ಲಿನ ಮೇಲೆ ಬಿಳಿ ಪಂಚೆ ಹಾಸಿತ್ತು. ಪಂಚೆಯ ಮೇಲೆ ಸಾಲು ಸಾಲಾಗಿ ಸಂಡಿಗೆ.

ಗಾಡಿ ನಿಂತದ್ದು ಮೊದಲ ಮಹಡಿಯ ಮಾಮಿಯ ಬಾಲ್ಕನಿಗೆ ಒತ್ತಿಕೊಂಡು. ಅಲ್ಲಿಂದ ಕೈ ಚಾಚಿದರೆ ಪ್ಯಾನೆಲ್ಲು ಸಿಗುತ್ತದೆ. ಅಷ್ಟರಲ್ಲಿ ಸಂಡಿಗೆ ಮಗುಚಿ ಹಾಕಲು ಮಾಮಿಯೇ ಹೊರಗೆ ಬಂದರು. ನನ್ನನ್ನು ಕಂಡು ಸ್ವಲ್ಪವೂ ಗಾಬರಿಯಾಗಲಿಲ್ಲ. ನಾನು ತಮಿಳಿನಲ್ಲಿ, "ಏನು ಮಾಮಿ ಇದು" ಎಂದೆ, ಅಳುವುದೊಂದು ಬಾಕಿ.

"ನೀಂಗದಾನೆ ಸೊನ್ನೀಂಗ" ಎಂದರು ಮಾಮಿ. ನೀವೇ ತಾನೆ ಹೇಳಿದ್ದು, ಗಾಡಿ ತಂದ ದಿನ ಎಲ್ಲರನ್ನೂ ನಿಲ್ಲಿಸಿಕೊಂಡು? ಇಷ್ಟೊಂದು ಬಿಸಿಲು ಸುಮ್ಮನೆ ವ್ಯರ್ಥವಾಗಬಾರದು ಅಂತ.

ಲೈಟ್‌ಮ್ಯಾನ್

ಓಡುವಾಗ ಬ್ಯಾಟರಿ ತುಂಬುತ್ತದೋ ನೋಡೋಣವೆಂದು ಗಾಡಿಯನ್ನು ತ್ರಿಪ್ಲಿಕೇನಿಗೆ ಓಡಿಸಿಕೊಂಡು ಹೋದೆ. ಮೆಸ್ಸಿನವರಿಗೆ ತೋರಿಸುವ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮೆಸ್ಸಿನ ಮುಂದೆ ನಿಲ್ಲಿಸಿ ಒಳಗೆ ಮಂಚದಡಿ ಮಲಗಿ ವೈರು ನೋಡತೊಡಗಿದೆ. ಚೆನ್ನೈಯಲ್ಲಿ ಕ್ಯಾರವಾನ್ ನಿಂತಿತೆಂದರೆ ಒಳಗೆ ಹೀರೋ ಇದ್ದಾನೆಂದೇ ಅರ್ಥ. ಹೊರಗೆ ಜನ ಸೇರಿದರು. ಎದುರಿನ ಲಾಡ್ಜಿನ ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ನನ್ನ ತಮ್ಮ ಬಾಗಿಲಲ್ಲಿ ನಿಂತು, "ಒಳಗೆ ಯಾರೂ ಇಲ್ಲ, ನನ್ನ ಅಣ್ಣ" ಎಂದು ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು.

ಕೊನೆಗೆ ನಾನು ಬಾಗಿಲು ತೆರೆದೆ. ಮೈಮೇಲೆ ಬನಿಯನ್, ಮುಖಕ್ಕೆ ಮಸಿ, ಕೈಯಲ್ಲಿ ಟೆಸ್ಟರು. ಮುಂದೆ ನಿಂತವನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂದಿನವರಿಗೆ ಕೂಗಿ ಹೇಳಿದ, ಹೀರೋ ಇಲ್ಲ, ಲೈಟ್‌ಮ್ಯಾನ್ ಮಾತ್ರ.

ಒಳಗೆ ಆ ಲೈಟೂ ಉರಿಯುತ್ತಿರಲಿಲ್ಲ.

ಬಿಸಿ ಗೋಡೆ

ಸಂಡಿಗೆ ಬೇರೆ ಕಡೆಗೆ ಹೋಯಿತು. ಪ್ಯಾನೆಲ್ಲು ಒರೆಸಿದೆ. ಬ್ಯಾಟರಿ ಸಂಜೆಗೆ ತುಂಬುವುದನ್ನು ಕಣ್ಣಾರೆ ಕಂಡೆ. ಬೆಳಿಗ್ಗೆ ಖಾಲಿ. ಯಾರೋ ಕುಡಿದುಬಿಟ್ಟ ಹಾಗೆ. ನಾನು ಯೋಚನೆಯಲ್ಲಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ, ಊಟಕ್ಕೆ ಹೇಗೂ ಮಜ್ಜಿಗೆ ಹುಳಿಯೇ ಇತ್ತು.

ಒಂದು ದಿನ ಕಾಫಿ ತಂದ ಹೆಂಡತಿ ಗಾಡಿಯ ಕಪಾಟಿಗೆ ಒರಗಿ ನಿಂತವಳು, "ಈ ಗೋಡೆ ಎಂತಕ್ಕೆ ಬಿಸಿ ಉಂಟು?" ಎಂದಳು.

ಕಪಾಟಿನ ಹಿಂದಿನ ಹಲಗೆ ಕಳಚಿದೆವು. ಒಳಗೆ ಆಳೆತ್ತರದ ಮೇಕಪ್ ಕನ್ನಡಿ. ಸುತ್ತ ಹನ್ನೆರಡು ಬಲ್ಬುಗಳು ಝಗಝಗ ಉರಿಯುತ್ತಿದ್ದವು. ಗಾಡಿಗೆ ಕಪಾಟು ಮಾಡಿಸಿದವರು ಕನ್ನಡಿಯನ್ನು ತೆಗೆಯುವ ಬದಲು ಅದರ ಮೇಲೆಯೇ ಹಲಗೆ ಹೊಡೆಸಿದ್ದರು, ದೀಪ ಆರಿಸದೆ. ಎಷ್ಟು ಕಾಲದಿಂದ ಆ ಕತ್ತಲೆಯ ಗೂಡಿನಲ್ಲಿ ಯಾರ ಮುಖವೂ ಇಲ್ಲದೆ ಅವು ಉರಿಯುತ್ತಿದ್ದವೋ.

ನಾನು ವೈರು ಕತ್ತರಿಸಲು ಕಟರ್ ಎತ್ತಿದೆ. ಹೆಂಡತಿ ಕನ್ನಡಿಯ ಮುಂದೆ ನಿಂತು ಮುಖ ಆ ಕಡೆ ಈ ಕಡೆ ತಿರುಗಿಸಿದಳು.

"ಸ್ವಲ್ಪ ನಿಲ್ಲಿ ಮಾರಾಯ್ರೆ. ಈ ಬೆಳಕಲ್ಲಿ ನಾನು ಮದುವೆಯಲ್ಲಿ ಇದ್ದ ಹಾಗೆ ಕಾಣ್ತೇನೆ."

ಕಟರ್ ಕೆಳಗಿಟ್ಟು ಒಂದು ಸ್ವಿಚ್ಚು ಹಾಕಿಸಿದೆ. ಅದನ್ನು ಆರಿಸುವ ಧೈರ್ಯ ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಕೊನೆಯ ಡಬ್ಬಿ

ಇಷ್ಟಾದ ಮೇಲೂ ಮೊಸರು ಹುಳಿಯಾಯಿತು. ಹೆಂಡತಿ ಏನೂ ಬೈಯಲಿಲ್ಲ. "ಇನ್ನೊಂದು ಸಲ ನೋಡುವ. ಆಗದಿದ್ರೆ ಗಾಡಿ ಮಾರಿಬಿಡಿ. ನಂಗೆ ಇಲ್ಲೇ ಅಭ್ಯಾಸ ಆಗಿದೆ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗುರುವಾರ ಸಂಜೆ ಅವಳು ಡಬ್ಬಿ ಇಟ್ಟಳು. ಶುಕ್ರವಾರ ಬೆಳಕು ಹರಿಯುವಾಗಲೇ ನಾನು ಇಳಿದು ಹೋಗಿ ಮುಚ್ಚಳ ತೆಗೆದೆ. ಅದೇ ವಾಸನೆ. ಗಾಡಿಯ ಮೆಟ್ಟಿಲ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಸಾವಿರ ಜನರಿಗೆ ಊಟ ಹಾಕಿದವನಿಗೆ ಒಂದು ಡಬ್ಬಿ ಮೊಸರನ್ನು ಕಾಯಲು ಆಗಲಿಲ್ಲವಲ್ಲ ಎನಿಸಿತು.

ಆಮೇಲೆ ಎದ್ದು, ಮೂವತ್ತೆರಡು ವರ್ಷ ಮೆಸ್ಸಿನಲ್ಲಿ ಎಂದೂ ಮಾಡದ ಕಲಬೆರಕೆ ಕೆಲಸ ಮಾಡಿದೆ. ಗೇಟಿನ ಹಾಲಿನ ಬೂತಿನಿಂದ ತಾಜಾ ಮೊಸರು ತಂದೆ. ಡಬ್ಬಿ ತೊಳೆದೆ. ಪ್ಯಾಕೆಟ್ಟಿನ ಮೊಸರು ಸುರಿದು, ಮನೆಯಲ್ಲಿ ಹೆಪ್ಪುಗಟ್ಟಿದಂತೆ ಕಾಣಲು ಚಮಚದ ಬೆನ್ನಿನಿಂದ ಸಮ ಮಾಡಿ ಒಳಗಿಟ್ಟೆ.

ಶನಿವಾರ ಸಂಜೆ ಹೆಂಡತಿ ಬಂದು ಮುಚ್ಚಳ ತೆಗೆದು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿದಳು. ನಾನು ಎಸೆಸೆಲ್ಸಿ ಫಲಿತಾಂಶಕ್ಕೂ ಹಾಗೆ ಉಸಿರು ಹಿಡಿದಿರಲಿಲ್ಲ.

"ಸಿಹಿ ಉಂಟು. ನಾಳೆ ಹೊರಡುವ."

ಭಾನುವಾರ ಬೆಳಿಗ್ಗೆ ಅವಳು ಬ್ಯಾಗಿನ ಜೊತೆ, ಮೆಸ್ಸಿನಲ್ಲಿ ಐಸ್ ಇಡುತ್ತಿದ್ದ ಹಳೆಯ ನೀಲಿ ಡಬ್ಬವನ್ನೂ ಹಿಡಿದು ಬಂದಳು. ಒಳಗೆ ಐಸಿನ ನಡುವೆ ಟವೆಲು ಸುತ್ತಿದ ಇನ್ಸುಲಿನ್. "ದಾರಿಯುದ್ದ ನಮ್ಮವರ ಹೋಟೆಲ್ ಉಂಟು. ಎರಡು ಹಿಡಿ ಐಸ್ ಕೇಳಿದ್ರೆ ಯಾರೂ ಇಲ್ಲ ಅನ್ನುದಿಲ್ಲ" ಎಂದಳು.

"ಮತ್ತೆ ಫ್ರಿಜ್ಜು? ಮೊಸರು ಸಿಹಿ ಇತ್ತಲ್ಲ?" ಎಂದೆ.

ಅವಳು ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ನನಗೆ ತಡೆಯಲಾಗಲಿಲ್ಲ. ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಎಲ್ಲ ಹೇಳಿಬಿಟ್ಟೆ, ಶುಕ್ರವಾರದ ಬೆಳಗು, ಹಾಲಿನ ಬೂತು, ಚಮಚದ ಬೆನ್ನು. "ತಪ್ಪಾಯ್ತು ಮಾರಾಯ್ತಿ. ಅದು ನಿನ್ನ ಮೊಸರಲ್ಲ, ನಾನು ಬದಲಾಯಿಸಿದ್ದು."

"ಗೊತ್ತುಂಟು" ಎಂದಳು. "ನೀವು ಬದಲಾಯಿಸಿದ್ದೂ ಶನಿವಾರ ಮಧ್ಯಾಹ್ನಕ್ಕೆ ಹುಳಿ ಆಗಿತ್ತು. ನಾನು ಪುನಃ ಬದಲಾಯಿಸಿದೆ. ಈಗ ಗಾಡಿ ಬಿಡಿ."